ಐಹೊಳೆಯ ಜಾಂಗಲಸೀಮೆಯೂ ಆಯುರ್ವೇದದ ಪ್ರಕೃತಿವಿಚಾರವೂ

ಮನುಷ್ಯರ ದೇಹಗಳೆಲ್ಲವೂ ಒಂದೇ ಬಗೆಯವಲ್ಲವೆಂಬುದೂ, ಒಬ್ಬನಿಗೆ ಹಿತವಾದ ಅನ್ನಪಾನಗಳು ಮತ್ತೊಬ್ಬನಿಗೆ ಅಹಿತವಾಗಬಹುದೆಂಬುದೂ ಲೋಕಾನುಭವದಿಂದಲೇ ಸಿದ್ಧವಾದ ಸಂಗತಿಗಳು. ಈ ಭೇದಕ್ಕೆ ಕಾರಣವನ್ನು ಹೇಳುವುದಕ್ಕಾಗಿ ನಮ್ಮ ಪ್ರಾಚೀನ ವೈದ್ಯಾಚಾರ್ಯರು ಪ್ರಕೃತಿಯೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಅದು ಈಗ ಗ್ರಂಥಗಳಲ್ಲಿ ಮಾತ್ರ ಉಳಿದ ವಿಷಯವಲ್ಲ. ಕ್ರಿ. ಶ. ೨೦೨೪ನೆಯ ನವೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯವು ದೇಶದಲ್ಲೆಲ್ಲಾ ಪ್ರಕೃತಿಪರೀಕ್ಷಣದ ಅಭಿಯಾನವೊಂದನ್ನು ಆರಂಭಿಸಿ, ಪ್ರಶ್ನಾವಳಿಯ ಸಹಾಯದಿಂದ ಒಂದು ಕೋಟಿಗೂ ಮಿಕ್ಕ ಜನರ ಪ್ರಕೃತಿಯನ್ನು ಗುರುತಿಸಿತು. ಇಷ್ಟು ಮಂದಿ ತಮ್ಮನ್ನು ವಾತಪ್ರಕೃತಿಯವರೆಂದೂ ಪಿತ್ತಪ್ರಕೃತಿಯವರೆಂದೂ ಹೇಳಿಕೊಳ್ಳುವ ಕಾಲದಲ್ಲಿ, ಆ ಮಾತಿಗೆ ಮೂಲಗ್ರಂಥಗಳಲ್ಲಿ ಏನು ಅರ್ಥವಿದ್ದಿತೆಂಬುದನ್ನು ನಿರ್ಣಯಿಸಿಕೊಳ್ಳುವುದು ಅವಶ್ಯಕವಾಗಿದೆ.

ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಒಂದೇ. ಒಂದು ಸೀಮೆಯ ಜನರೆಲ್ಲರ ದೇಹದಲ್ಲಿ ಸಮಾನವಾಗಿ ತೋರುವ ಲಕ್ಷಣವು ಅವರವರ ಪ್ರಕೃತಿಯೋ, ಆ ನೆಲದ ಗುಣವೋ? ಇದಕ್ಕೆ ದೃಷ್ಟಾಂತವಾಗಿ ಹುನಗುಂದ ತಾಲ್ಲೂಕಿನ ಐಹೊಳೆಯ ಸೀಮೆಯನ್ನು ತೆಗೆದುಕೊಂಡಿರುವೆನು. ಐಹೊಳೆಯು ನಮ್ಮ ಇತಿಹಾಸಜ್ಞರಿಗೆ ಮೇಗುಟಿಯ ಶಾಸನದಿಂದಲೂ ದೇವಾಲಯಗಳಿಂದಲೂ ಪರಿಚಿತವಾದುದು. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಅದು ವಿಚಾರಾರ್ಹವಾದ ನೆಲವೆಂಬುದನ್ನು ಮುಂದೆ ತೋರಿಸುವೆನು. ವಾತಾದಿ ದೋಷಗಳ ತತ್ತ್ವವು ನವೀನ ವೈದ್ಯಶಾಸ್ತ್ರದ ಪ್ರಮಾಣಗಳಿಂದ ಸಿದ್ಧವಾದುದಲ್ಲ. ಇಲ್ಲಿ ಮಾಡುವುದು ಗ್ರಂಥಾರ್ಥದ ನಿರ್ಣಯವೇ ಹೊರತು ಚಿಕಿತ್ಸೆಯ ಉಪದೇಶವಲ್ಲವೆಂದು ಮೊದಲೇ ವಿಜ್ಞಾಪಿಸುವೆನು.

೧

ಪ್ರಕೃತಿಯೆಂದರೆ ಸ್ವಭಾವವೆಂದು ಸಾಮಾನ್ಯಾರ್ಥ. ಸುಶ್ರುತನ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿರುವ ಪ್ರಕಾರ, ಶುಕ್ರಶೋಣಿತಗಳ ಸಂಯೋಗಕಾಲದಲ್ಲಿ ಯಾವ ದೋಷವು ಉತ್ಕಟವಾಗಿರುವುದೋ ಅದರಿಂದ ಪ್ರಕೃತಿಯು ಉಂಟಾಗುವುದು. ಒಂದೊಂದು ದೋಷದಿಂದ ಮೂರು, ಎರಡೆರಡರಿಂದ ಮೂರು, ಮೂರೂ ಸೇರಿದುದರಿಂದ ಒಂದು, ಹೀಗೆ ಪ್ರಕೃತಿಗಳು ಏಳು. ಚರಕನು ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕಾರಣಗಳನ್ನು ಇನ್ನೂ ವಿಸ್ತರಿಸಿ, ಶುಕ್ರಶೋಣಿತಗಳ ಜೊತೆಗೆ ಕಾಲವನ್ನೂ ಗರ್ಭಾಶಯವನ್ನೂ ತಾಯಿಯ ಆಹಾರವಿಹಾರಗಳನ್ನೂ ಮಹಾಭೂತಗಳ ವಿಕಾರವನ್ನೂ ಎಣಿಸುವನು. ಲಕ್ಷಣಗಳನ್ನು ಹೇಳುವಾಗ ಅವನು ಅನುಸರಿಸುವ ಕ್ರಮವು ಗಮನಾರ್ಹವಾದುದು. ವಾತವು ರೂಕ್ಷ, ಲಘು, ಚಲ, ಶೀಘ್ರ, ಶೀತ, ಪರುಷ, ವಿಶದವೆಂದು ಗುಣಗಳನ್ನು ಮೊದಲು ಹೇಳಿ, ರೌಕ್ಷ್ಯದಿಂದ ಇಂತಹ ಶರೀರ, ಶೈಘ್ರ್ಯದಿಂದ ಇಂತಹ ನಡೆ ಎಂದು ಒಂದೊಂದು ಲಕ್ಷಣವನ್ನೂ ಒಂದೊಂದು ಗುಣಕ್ಕೆ ಸೇರಿಸುವನು. ಗುಣದಿಂದ ಲಕ್ಷಣವನ್ನು ಊಹಿಸುವ ಈ ಮಾರ್ಗದಲ್ಲಿ ಒಂದು ಅಪಾಯವೂ ಉಂಟು. ರೌಕ್ಷ್ಯವು ಕಂಡಲ್ಲೆಲ್ಲಾ ಅದು ಹುಟ್ಟಿನಿಂದಲೇ ಬಂದುದೆಂದು ಭ್ರಮಿಸುವುದು ಸುಲಭ.

ಇನ್ನು ಈ ಪ್ರಕೃತಿಗಳು ಆರೋಗ್ಯವೋ ರೋಗವೋ ಎಂಬ ವಿಷಯದಲ್ಲಿ ಆಚಾರ್ಯರು ಒಮ್ಮತದವರಲ್ಲ. ಚರಕನ ವಿಮಾನಸ್ಥಾನದ ಆರನೆಯ ಅಧ್ಯಾಯದಲ್ಲಿ ಪೂರ್ವಪಕ್ಷವೊಂದನ್ನು ಎತ್ತಿರುವನು. ಜನರ ಆಹಾರವು ವಿಷಮವಾಗಿರುವುದರಿಂದ ಸಮವಾದ ದೋಷಗಳುಳ್ಳವರು ಇಲ್ಲವೇ ಇಲ್ಲವೆಂದೂ, ಕೆಲವರು ವಾತಪ್ರಕೃತಿಯವರು, ಕೆಲವರು ಪಿತ್ತಪ್ರಕೃತಿಯವರು, ಕೆಲವರು ಶ್ಲೇಷ್ಮಪ್ರಕೃತಿಯವರೆಂದೂ ಕೆಲವರು ವಾದಿಸುವರಂತೆ. ಚರಕನು ಇದನ್ನು ಒಪ್ಪುವುದಿಲ್ಲ. ದೋಷಗಳ ಸಾಮ್ಯವೇ ಆರೋಗ್ಯ, ಆರೋಗ್ಯವೇ ಪ್ರಕೃತಿ, ಔಷಧಪ್ರಯೋಗವೆಲ್ಲವೂ ಅದಕ್ಕಾಗಿಯೇ. ಆದುದರಿಂದ ಸಮಪ್ರಕೃತಿಯವರು ಇರುವರು, ವಾತಾದಿಗಳು ಹೆಚ್ಚಿರುವವರನ್ನು ವಾತಲ, ಪಿತ್ತಲ, ಶ್ಲೇಷ್ಮಲರೆಂದು ಕರೆಯಬೇಕೇ ಹೊರತು ಅದನ್ನು ನಿಜವಾದ ಪ್ರಕೃತಿಯೆನ್ನಲಾಗದು ಎಂಬುದು ಅವನ ಸಿದ್ಧಾಂತ. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿಯೂ, ಸಮದೋಷರು ನಿರೋಗಿಗಳು, ವಾತಲಾದಿಗಳು ಯಾವಾಗಲೂ ಆತುರರು ಎಂದೇ ಹೇಳಿರುವನು. ಸುಶ್ರುತನಾದರೋ ವಿಷದಲ್ಲಿ ಹುಟ್ಟಿದ ಕೀಟಕ್ಕೆ ಹೇಗೆ ಆ ವಿಷದಿಂದ ಬಾಧೆಯಿಲ್ಲವೋ ಹಾಗೆಯೇ ಹುಟ್ಟಿನಿಂದ ಬಂದ ಪ್ರಕೃತಿಯು ಮನುಷ್ಯನನ್ನು ಬಾಧಿಸದು ಎನ್ನುವನು. ವಾಗ್ಭಟನೂ ಈ ವಿಷಕೀಟದ ದೃಷ್ಟಾಂತವನ್ನೇ ಅಷ್ಟಾಂಗಹೃದಯದ ಮೊದಲನೆಯ ಅಧ್ಯಾಯದಲ್ಲಿ ತೆಗೆದುಕೊಂಡಿರುವನು. ಕೊಲ್ಲುವಷ್ಟು ಬಾಧಿಸದು, ಅಲ್ಪಸ್ವಲ್ಪ ಪೀಡಿಸದೆಯೂ ಬಿಡದು ಎಂಬ ರೀತಿಯ ಸಮನ್ವಯದಿಂದ ಈ ವಿರೋಧವು ಬಹುಮಟ್ಟಿಗೆ ಪರಿಹಾರವಾದರೂ, ನಮ್ಮ ಪ್ರಶ್ನೆಗೆ ಅದರಿಂದ ಉತ್ತರವು ದೊರೆಯದು.

ಮತ್ತೊಂದು ಮಾತು. ಚರಕನ ಪ್ರಕಾರ ಶ್ಲೇಷ್ಮಲರು ಬಲವಂತರು, ಧನವಂತರು, ವಿದ್ಯಾವಂತರು, ದೀರ್ಘಾಯುಗಳು. ಪಿತ್ತಲರು ಇವೆಲ್ಲದರಲ್ಲಿಯೂ ಮಧ್ಯಮರು. ವಾತಲರು ಬಲ, ಆಯುಸ್ಸು, ಸಂತಾನ, ಧನಗಳಲ್ಲಿ ಅಲ್ಪರು. ವಾಗ್ಭಟನು ವಾತಪ್ರಕೃತಿಯವರನ್ನು ನಾಯಿ, ನರಿ, ಒಂಟೆ, ಹದ್ದು, ಇಲಿ, ಕಾಗೆಗಳಿಗೆ ಹೋಲಿಸಿ, ಕಫಪ್ರಕೃತಿಯವರಿಗೆ ಬ್ರಹ್ಮೇಂದ್ರಾದಿಗಳ ಹೋಲಿಕೆಯನ್ನು ಕೊಟ್ಟಿರುವನು. ನಾವು ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದ ದಿನ, ಗುರುಗಳು ನಿಮ್ಮ ನಿಮ್ಮ ಪ್ರಕೃತಿ ಯಾವುದೆಂದು ಕೇಳಲಾಗಿ, ಹನ್ನೊಂದು ಮಂದಿ ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ಕಫಪ್ರಕೃತಿಯೆಂದೇ ಉತ್ತರಕೊಟ್ಟೆವು. ನಮ್ಮಲ್ಲಿ ಹೆಚ್ಚಿನವರು ಕಡ್ಡಿಯಂತಿದ್ದವರು. ನೀವು ನೋಡಿಕೊಂಡುದು ದೇಹವನ್ನಲ್ಲ, ಶ್ಲೋಕದಲ್ಲಿರುವ ಹೊಗಳಿಕೆಯನ್ನು ಎಂದು ಗುರುಗಳು ನಕ್ಕರು. ತನ್ನ ಲಕ್ಷಣವನ್ನು ತಾನೇ ಹೇಳುವವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಕ್ಕೆ ಆ ದಿನದ ಪಾಠವು ನನಗೆ ಇಂದಿಗೂ ಪ್ರಮಾಣವಾಗಿದೆ.

೨

ಈಗ ದೇಶವಿಚಾರಕ್ಕೆ ಬರೋಣ. ಆಯುರ್ವೇದದಲ್ಲಿ ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಂಗಡಿಸಿರುವರು. ನೀರೂ ಮರಗಳೂ ಕಡಮೆಯಾಗಿ, ಗಾಳಿಯೂ ಬಿಸಿಲೂ ಹೆಚ್ಚಾಗಿರುವ ದೇಶವು ಜಾಂಗಲ. ಅಲ್ಲಿ ರೋಗಗಳು ಅತ್ಯಲ್ಪವೆಂದು ವಿಮಾನಸ್ಥಾನದ ಮೂರನೆಯ ಅಧ್ಯಾಯವು ಹೇಳುವುದು. ದೃಢಬಲನು ಪೂರೈಸಿದ ಕಲ್ಪಸ್ಥಾನದಲ್ಲಿ ಇದರ ವರ್ಣನೆಯು ಇನ್ನೂ ವಿಶದವಾಗಿದೆ. ತೆರೆದ ಆಕಾಶ, ಕಗ್ಗಲಿ, ಬೋರೆ, ಬನ್ನಿ ಮೊದಲಾದ ಮರಗಳು, ಒಣಗಾಳಿ, ಬಿಸಿಲ್ಗುದುರೆ, ಒರಟಾದ ಮರಳು ಗರಸುಗಳು, ಕವುಜುಗ ಮೊದಲಾದ ಹಕ್ಕಿಗಳು ಇರುವ ಈ ದೇಶದಲ್ಲಿ ವಾತಪಿತ್ತಗಳು ಹೆಚ್ಚು. ಜನರು ಸ್ಥಿರವೂ ಕಠಿಣವೂ ಆದ ಶರೀರವುಳ್ಳವರು. ತೆಂಗು ಬಾಳೆಗಳಿಂದ ಕೂಡಿ ನೀರು ಸಮೃದ್ಧವಾಗಿರುವ ಆನೂಪದೇಶದಲ್ಲಿ ವಾತಕಫಗಳು ಹೆಚ್ಚು, ಜನರು ಸುಕುಮಾರರು.

ಐಹೊಳೆಯನ್ನು ಕಂಡವರಿಗೆ ಈ ಜಾಂಗಲಲಕ್ಷಣವು ಆ ನೆಲವನ್ನೇ ನೋಡಿ ಬರೆದಂತೆ ತೋರದಿರದು. ಮಲಪ್ರಭೆಯು ಪಕ್ಕದಲ್ಲಿಯೇ ಹರಿಯುವುದಾದರೂ, ದಡದ ಹೊಲಗಳನ್ನು ದಾಟಿದೊಡನೆಯೇ ಮರಳುಗಲ್ಲಿನ ಗುಡ್ಡಗಳು. ಅಲ್ಲಲ್ಲಿ ಬನ್ನಿ, ಬೋರೆ, ಜಾಲಿ, ಬೇವು. ಬೇಸಗೆಯಲ್ಲಿ ಕಾದ ಬಂಡೆಯ ಮೇಲಿಂದ ಬೀಸುವ ಗಾಳಿ. ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯೆಲ್ಲವೂ ಹೆಚ್ಚುಕಡಮೆ ಹೀಗೆಯೇ.

ಹಾಗಾದರೆ ಈ ಸೀಮೆಯವರೆಲ್ಲರೂ ವಾತಲರೋ? ಇಲ್ಲಿಯೇ ಗ್ರಂಥದ ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಬೇಕು. ವಾತಲನು ಅಲ್ಪಬಲನು, ಯಾವಾಗಲೂ ಆತುರನು. ಜಾಂಗಲದೇಶದವನಾದರೋ ಸ್ಥಿರಕಠಿಣನು, ಅಲ್ಪರೋಗನು. ಜಾಂಗಲದ ವಾತಾಧಿಕ್ಯವು ಅಲ್ಲಿಯ ಜನರನ್ನು ವಾತಲರನ್ನಾಗಿ ಮಾಡುವುದಾದರೆ ಈ ಎರಡು ಮಾತುಗಳೂ ಏಕಕಾಲದಲ್ಲಿ ನಿಜವಾಗಲಾರವು. ಆದುದರಿಂದ ದೇಶದಲ್ಲಿರುವ ದೋಷವು ಬೇರೆ, ಗರ್ಭಾದಿಯಾಗಿ ಬಂದ ದೋಷವು ಬೇರೆ ಎಂದು ಅಂಗೀಕರಿಸದೆ ಗತಿಯಿಲ್ಲ. ಈ ವಿಭಾಗವು ನನ್ನ ಕಲ್ಪನೆಯಲ್ಲ. ಚರಕನ ಇಂದ್ರಿಯಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಪ್ರಕೃತಿಯನ್ನು ಜಾತಿ, ಕುಲ, ದೇಶ, ಕಾಲ, ವಯಸ್ಸು, ಪ್ರತ್ಯಾತ್ಮಗಳೆಂಬ ಆರು ನಿಮಿತ್ತಗಳಿಂದ ವಿಭಜಿಸಿರುವುದು. ಅಲ್ಲಿ ದೇಶಾನುಪಾತಿನಿಯೆಂದೂ ಪ್ರತ್ಯಾತ್ಮನಿಯತೆಯೆಂದೂ ಎರಡು ಬೇರೆ ಬೇರೆ ಹೆಸರುಗಳಿರುವಾಗ, ಒಂದನ್ನು ಇನ್ನೊಂದೆಂದು ತಿಳಿಯುವುದು ಶಾಸ್ತ್ರಸಮ್ಮತವಲ್ಲ. ಇಂದ್ರಿಯಸ್ಥಾನದ ಪ್ರಕರಣವು ಅರಿಷ್ಟಲಕ್ಷಣಗಳದ್ದೆಂಬುದು ನಿಜ. ಆದರೆ ರೋಗಿಯಲ್ಲಿ ಕಾಣುವ ಬದಲಾವಣೆಯನ್ನು ಅಳೆಯುವುದಕ್ಕೆ ಮೊದಲು ಅವನ ಸಹಜಸ್ಥಿತಿಯನ್ನು ಆರು ಮುಖಗಳಿಂದಲೂ ತಿಳಿದಿರಬೇಕೆಂಬ ಅಭಿಪ್ರಾಯವು ಎಲ್ಲ ಪರೀಕ್ಷೆಗೂ ಸಲ್ಲುವುದು.

ಈ ತಪ್ಪನ್ನು ನಾನೂ ಮಾಡಿರುವೆನು. ಕೆಲವು ವರ್ಷಗಳ ಕೆಳಗೆ ವೈಶಾಖಮಾಸದಲ್ಲಿ ಮೇಗುಟಿಯ ಶಾಸನವನ್ನು ನೋಡಲು ಹೋಗಿದ್ದಾಗ, ಗುಡ್ಡದ ಬುಡದಲ್ಲಿ ಒಬ್ಬ ವೃದ್ಧ ಒಕ್ಕಲಿಗನು ನೆರಳಿನಲ್ಲಿ ಕುಳಿತಿದ್ದನು. ಕೃಶವಾದ ದೇಹ, ಉಬ್ಬಿದ ನರಗಳು, ಒಡೆದ ಹಿಮ್ಮಡಿಗಳು, ಒರಟು ಕೂದಲು, ಒಡಕು ದನಿ. ಮಾತನಾಡಿಸುವುದಕ್ಕೆ ಮೊದಲೇ ಇವನು ವಾತಲನೆಂದು ನಿಶ್ಚಯಿಸಿಬಿಟ್ಟೆನು. ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದು, ನಾನು ಅಲುಗಿಸಲೂ ಆರದಂತಹ ಕಣಿಕೆಯ ಹೊರೆಯನ್ನು ತಲೆಗೆ ಏರಿಸಿಕೊಂಡು, ಬಿಸಿಲಿನಲ್ಲಿ ನನಗಿಂತ ಮುಂದಾಗಿ ನಡೆದನು. ದಾರಿಯಲ್ಲಿ ವಿಚಾರಿಸಿದೆನು. ಮೂರು ಹೊತ್ತೂ ಜೋಳದ ರೊಟ್ಟಿ, ಅಗಸಿಯ ಹಿಂಡಿ, ಮಜ್ಜಿಗೆ, ಮಲಗಿದೊಡನೆ ನಿದ್ರೆ, ಹಾಸಿಗೆ ಹಿಡಿದ ನೆನಪಿಲ್ಲ. ಅಲ್ಪಬಲ, ವಿಷಮಾಗ್ನಿ, ಅಲ್ಪನಿದ್ರೆಗಳೆಂಬ ಒಳಗಿನ ಲಕ್ಷಣಗಳಲ್ಲಿ ಒಂದೂ ಅವನಲ್ಲಿರಲಿಲ್ಲ. ಇದ್ದುದೆಲ್ಲಾ ಹೊರಗಿನ ರೌಕ್ಷ್ಯವು. ಅದು ಆ ಗಾಳಿಯದು, ಆ ಬಿಸಿಲಿನದು. ಪ್ರಶ್ನಾವಳಿಯಲ್ಲಿ ಚರ್ಮ, ಕೂದಲು, ಹಿಮ್ಮಡಿಗಳ ವಿಷಯವಾದ ಪ್ರಶ್ನೆಗಳಿಗೆ ಅವನು ಸತ್ಯವಾಗಿಯೇ ಉತ್ತರ ಕೊಟ್ಟಿದ್ದರೂ ಫಲವು ತಪ್ಪಾಗುತ್ತಿದ್ದಿತು.

೩

ಅದೇ ಊರಿನ ಶಿಲ್ಪಗಳೂ ಇಂತಹ ಭ್ರಮೆಗೆ ಅವಕಾಶ ಕೊಡುವುವು. ರಾವಳಫಡಿಯ ಗುಹಾಲಯದಲ್ಲಿ ನರ್ತಿಸುವ ಶಿವನೂ ಅವನ ಸುತ್ತಲಿನ ಮಾತೃಕೆಯರೂ ನೀಳವಾದ ಕೃಶದೇಹದವರು. ಗಣಗಳಾದರೋ ಕುಳ್ಳಾದ ದೊಡ್ಡ ಹೊಟ್ಟೆಯವರು. ಇವರನ್ನು ಕಂಡು ಒಬ್ಬರು ವಾತಲರು, ಒಬ್ಬರು ಶ್ಲೇಷ್ಮಲರು ಎನ್ನುವವರನ್ನು ನಾನು ಕೇಳಿರುವೆನು. ಇದು ಆಕೃತಿಯನ್ನೇ ಪ್ರಕೃತಿಯೆಂದು ಭಾವಿಸುವುದು. ಚರಕನು ರೋಗಿಯ ಪರೀಕ್ಷೆಗೆ ಹತ್ತು ವಿಷಯಗಳನ್ನು ಹೇಳಿರುವನು: ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು. ದೇಹದ ಕಟ್ಟಿಗೆ ಸಂಹನನವೆಂದೂ, ಉದ್ದ ಅಗಲಗಳಿಗೆ ಪ್ರಮಾಣವೆಂದೂ ಪ್ರತ್ಯೇಕವಾದ ಸ್ಥಾನವಿರುವುದರಿಂದ, ಕಣ್ಣಿಗೆ ಕಾಣುವ ಆಕಾರದಿಂದ ಮಾತ್ರವೇ ಪ್ರಕೃತಿಯನ್ನು ಹೇಳಲಾಗದು. ಮೇಲೆ ಹೇಳಿದ ಒಕ್ಕಲಿಗನ ವಿಷಯದಲ್ಲಿ ನನ್ನನ್ನು ತಿದ್ದಿದುದು ಆಹಾರಶಕ್ತಿ, ವ್ಯಾಯಾಮಶಕ್ತಿಗಳೆಂಬ ಎಂಟನೆಯ ಒಂಬತ್ತನೆಯ ಪರೀಕ್ಷೆಗಳು. ಪ್ರಕೃತಿಯು ಹತ್ತರಲ್ಲಿ ಮೊದಲನೆಯದು. ಹತ್ತೂ ಅದೇ ಅಲ್ಲ.

ಈ ಹತ್ತರಲ್ಲಿ ಸಾತ್ಮ್ಯವೆಂಬುದು ನಮ್ಮ ಪ್ರಶ್ನೆಗೆ ಅತ್ಯಂತ ಸಮೀಪವಾದುದು. ಬಹುಕಾಲದ ಅಭ್ಯಾಸದಿಂದ ದೇಹಕ್ಕೆ ಒಗ್ಗಿದುದು ಸಾತ್ಮ್ಯ. ಚಿಕಿತ್ಸಾಸ್ಥಾನದ ಕೊನೆಯ ಅಧ್ಯಾಯದಲ್ಲಿ ನಾನಾ ದೇಶದವರಿಗೆ ಸಾತ್ಮ್ಯವಾದ ಆಹಾರಗಳನ್ನು ಎಣಿಸುವಾಗ, ಗೋದಾವರಿಯ ತೀರದ ಅಶ್ಮಕರಿಗೂ ಅವಂತಿಯವರಿಗೂ ಎಣ್ಣೆ ಹುಳಿಗಳು ಸಾತ್ಮ್ಯವೆಂದೂ, ದಕ್ಷಿಣದವರಿಗೆ ಗಂಜಿಯು ಸಾತ್ಮ್ಯವೆಂದೂ ಹೇಳಿದೆ. ನಮ್ಮ ಉತ್ತರ ಕರ್ಣಾಟಕವು ಅಶ್ಮಕದ ದಿಕ್ಕಿಗೆ ಸೇರಿದುದು. ರೂಕ್ಷವಾದ ಜೋಳದ ರೊಟ್ಟಿಯ ಜೊತೆಯಲ್ಲಿ ಎಣ್ಣೆಯ ಅಂಶವುಳ್ಳ ಅಗಸಿ ಎಳ್ಳುಗಳ ಹಿಂಡಿಯನ್ನೂ ಹುಳಿಮಜ್ಜಿಗೆಯನ್ನೂ ತಪ್ಪದೆ ಇರಿಸುವ ಈ ಸೀಮೆಯ ಊಟವನ್ನು ನೋಡಿದರೆ ಆ ಎಣ್ಣೆಹುಳಿಗಳ ಮಾತು ಸ್ಮರಣೆಗೆ ಬರುವುದು. ಸುಶ್ರುತಾದಿಗಳಂತೆ ತೈಲವು ವಾತಕ್ಕೆ ಪರಮೌಷಧವು. ನೆಲದ ರೌಕ್ಷ್ಯಕ್ಕೆ ಊಟದ ಸ್ನೇಹದಿಂದ ಪರಿಹಾರವನ್ನು ಮಾಡಿಕೊಂಡವರಿಗೆ ಮತ್ತೆ ವಾತಲರೆಂದು ಹೆಸರಿಟ್ಟು, ಅವರ ಊಟವನ್ನು ಬದಲಿಸಹೊರಡುವ ವೈದ್ಯನು ಆ ಪರಿಹಾರವನ್ನೇ ಕಿತ್ತುಹಾಕುವ ಸಂಭವವುಂಟು.

೪

ಕರ್ಣಾಟಕದ ಗ್ರಂಥಕರ್ತರೂ ರಾಜರೂ ವರ್ತಕರೂ ಈ ದೇಶಸಾತ್ಮ್ಯವಿಚಾರಕ್ಕೆ ತಮ್ಮ ತಮ್ಮ ರೀತಿಯಲ್ಲಿ ಸಂಬಂಧಪಟ್ಟಿರುವರು. ಮೊದಲು ಜೈನಾಚಾರ್ಯರನ್ನು ಹೇಳಬೇಕು. ಐಹೊಳೆಯ ಮೇಗುಟಿಯ ಜಿನಾಲಯವು ಶಕ ೫೫೬, ಎಂದರೆ ಕ್ರಿ. ಶ. ೬೩೪ರಲ್ಲಿ, ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯಿಂದ ನಿರ್ಮಿತವಾದುದು. ಅಲ್ಲಿಂದ ಎರಡು ಶತಮಾನಗಳ ತರುವಾಯ, ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣವನ್ನು ಖಂಡಿಸಿದ ಹಿತಾಹಿತಾಧ್ಯಾಯವನ್ನು ಅದಕ್ಕೆ ಸೇರಿಸಿದನು. ಈ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳಿಂದ ಪ್ರಕಟವಾಯಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಪ್ರಾಚೀನ ಸಂಹಿತೆಗಳಲ್ಲಿ ವಾತಕ್ಕೆ ಮಾಂಸರಸವು ಮುಖ್ಯವಾದ ಪಥ್ಯಗಳಲ್ಲಿ ಒಂದು. ಅದನ್ನು ವರ್ಜಿಸಿದ ವೈದ್ಯನು ಹಾಲು, ತುಪ್ಪ, ಎಣ್ಣೆ, ಧಾನ್ಯಗಳಿಂದಲೇ ಆ ಕಾರ್ಯವನ್ನು ಸಾಧಿಸಬೇಕು. ಹೀಗೆ ಪ್ರಕೃತಿಯು ಒಂದೇ ಆಗಿದ್ದರೂ ಪಥ್ಯವು ಜನರ ಆಚಾರವನ್ನು ಅನುಸರಿಸಿ ಬದಲಾಗಬಹುದೆಂಬುದು ಕರ್ಣಾಟಕದ ಜೈನವೈದ್ಯದಿಂದ ಸಿದ್ಧವಾಗುವುದು.

ಎರಡನೆಯದು ರಾಜಾಶ್ರಯದ ಗ್ರಂಥಗಳು. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯವೂ ಪಾಕಶಾಸ್ತ್ರವೂ ಒಂದೇ ಗ್ರಂಥದಲ್ಲಿ ಸೇರಿವೆ. ಕಲ್ಯಾಣದ ಮುಮ್ಮಡಿ ಸೋಮೇಶ್ವರನು ಮಾನಸೋಲ್ಲಾಸದ ಅನ್ನಭೋಗಪ್ರಕರಣದಲ್ಲಿ ಋತುವಿಗೆ ತಕ್ಕ ಆಹಾರವನ್ನು ವಿಧಿಸಿರುವನು. ಇವು ಅಡುಗೆಮನೆಯನ್ನೂ ಔಷಧಶಾಲೆಯನ್ನೂ ಬೇರೆ ಬೇರೆಯಾಗಿ ಎಣಿಸದ ಕಾಲದವು.

ಮೂರನೆಯದು ಐಹೊಳೆಗೇ ವಿಶೇಷವಾದುದು. ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂಬ ವರ್ತಕಸಂಘದ ಹೆಸರು ಕರ್ಣಾಟಕ, ತಮಿಳುನಾಡುಗಳ ಶಾಸನಗಳಲ್ಲಿ ಅನೇಕ ಕಡೆ ಕಾಣಬರುವುದು. ಶಿಕಾರಿಪುರದ ಸೀಮೆಯ ಶಾಸನವೊಂದರಲ್ಲಿ ಇವರ ಸರಕುಗಳನ್ನು ಎಣಿಸುವಾಗ, ಆನೆ ಕುದುರೆ ರತ್ನಗಳ ಜೊತೆಯಲ್ಲಿ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ ಮೊದಲಾದ ಸುಗಂಧದ್ರವ್ಯಗಳನ್ನೂ ಔಷಧದ್ರವ್ಯಗಳನ್ನೂ ಹೇಳಿದೆ. ಏಲಕ್ಕಿಯು ಮಲೆನಾಡಿನದು, ಲವಂಗವು ದ್ವೀಪಾಂತರದ್ದು, ಕೇಸರಿಯು ಉತ್ತರದೇಶದ್ದು. ಜಾಂಗಲಸೀಮೆಯ ಹೆಸರನ್ನು ಹೊತ್ತ ಸಂಘವೊಂದು ಆನೂಪದೇಶಗಳ ದ್ರವ್ಯಗಳನ್ನು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದಿತೆಂದಾಯಿತು. ನೆಲವು ಕೊಡದುದನ್ನು ವ್ಯಾಪಾರವು ಕೊಡುತ್ತಿದ್ದಾಗ ಸಾತ್ಮ್ಯವು ಒಂದೇ ಸ್ಥಿತಿಯಲ್ಲಿ ನಿಂತಿರಲಾರದು. ದೇಶವಿಚಾರವೆಂದರೆ ನೆಲವನ್ನು ಮಾತ್ರವೇ ನೋಡುವುದಲ್ಲ, ಆ ನೆಲಕ್ಕೆ ಬಂದು ಸೇರಿದುದನ್ನೂ ನೋಡುವುದು ಎಂದು ಊಹಿಸಬಹುದಾಗಿದೆ.

ವೈದ್ಯವು ಆ ಕಾಲದಲ್ಲಿ ಸಿರಿವಂತರ ಸೊತ್ತಾಗಿ ಮಾತ್ರ ಇರಲಿಲ್ಲವೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠದ ಕ್ರಿ. ಶ. ೧೧೬೨ರ ಶಾಸನವು ಸಾಕ್ಷಿ. ಅನಾಥರಾದ ರೋಗಿಗಳಿಗೆ ಅಲ್ಲಿ ಚಿಕಿತ್ಸೆಯಾಗುತ್ತಿದ್ದಿತು. ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬಾತನು ತನ್ನ ವೃತ್ತಿಯ ಪರಿಭಾಷೆಯನ್ನೇ ವಚನಗಳಿಗೆ ಉಪಯೋಗಿಸಿಕೊಂಡನು. ವಾತಪಿತ್ತಶ್ಲೇಷ್ಮಗಳ ಮಾತು ಪಂಡಿತರ ಗೋಷ್ಠಿಯನ್ನು ದಾಟಿ ಜನರ ನುಡಿಯಲ್ಲಿ ಸೇರಿದ್ದಿತೆಂಬುದಕ್ಕೆ ಇದು ನಿದರ್ಶನವು.

೫

ಈಚಿನ ಸಂಶೋಧನೆಯನ್ನು ಹೇಳದೆ ಮುಗಿಸುವುದು ನ್ಯಾಯವಲ್ಲ. ಕ್ರಿ. ಶ. ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಂಗಳೂರು, ಉಡುಪಿ, ಪುಣೆಗಳ ಆಯುರ್ವೇದ ಸಂಸ್ಥೆಗಳಲ್ಲಿ ೩೪೧೬ ಮಂದಿ ಆರೋಗ್ಯವಂತರಾದ ಯುವಕರನ್ನು ಪರೀಕ್ಷಿಸಿ, ಒಂದೊಂದು ದೋಷವು ಎದ್ದುಕಾಣುವವರಲ್ಲಿ ೨೬೨ ಮಂದಿಯನ್ನು ಆಯ್ದು, ಅವರ ವಂಶವಾಹಿಗಳಲ್ಲಿ ಭೇದವಿರುವುದೇ ಎಂದು ನೋಡಿರುವರು. ಪಿಜಿಎಂ೧ ಎಂಬ ವಂಶವಾಹಿಗೂ ಪಿತ್ತಪ್ರಕೃತಿಗೂ ಸಂಬಂಧವು ತೋರುವುದೆಂದು ಅದರ ಕರ್ತೃಗಳ ಅಭಿಪ್ರಾಯ. ಒಂದೆರಡು ಅಧ್ಯಯನಗಳಿಂದ ಶಾಸ್ತ್ರವು ಸಿದ್ಧವಾಯಿತೆಂದು ಹಿಗ್ಗುವುದು ಸಲ್ಲದು. ಆದರೆ ಅವರು ವೈದ್ಯರಿಂದ ಪರೀಕ್ಷೆ ಮಾಡಿಸಿ, ಮಿಶ್ರಲಕ್ಷಣದವರನ್ನು ಬಿಟ್ಟು, ಸ್ಪಷ್ಟಲಕ್ಷಣದವರನ್ನು ಮಾತ್ರ ಆರಿಸಿಕೊಂಡರೆಂಬುದನ್ನು ನಾವು ಗಮನಿಸಬೇಕು. ಸ್ಪಷ್ಟವಾದ ಏಕದೋಷಪ್ರಕೃತಿಯು ಹುಡುಕಿ ಆರಿಸಬೇಕಾದುದೇ ಹೊರತು ಎದುರಿಗೆ ಬಂದವರಲ್ಲೆಲ್ಲಾ ಕಾಣುವಂತಹುದಲ್ಲ.

ಇಷ್ಟರಿಂದ ಸಿದ್ಧವಾದುದೇನೆಂದರೆ: ಪ್ರಕೃತಿಯೆಂಬುದು ಆಯುರ್ವೇದದಲ್ಲಿ ಮನುಷ್ಯನಿಗೆ ಅಂಟಿಸುವ ಹೆಸರಲ್ಲ, ಪರೀಕ್ಷೆಯ ಆರಂಭ. ನೆಲದಿಂದಲೂ ಕಾಲದಿಂದಲೂ ವಯಸ್ಸಿನಿಂದಲೂ ಬಂದುದನ್ನು ಕಳೆದ ಮೇಲೆ ಉಳಿಯುವುದೇ ಒಬ್ಬೊಬ್ಬನಿಗೆ ನಿಯತವಾದ ಪ್ರಕೃತಿ. ಈ ಕಳೆಯುವ ಕೆಲಸವನ್ನು ಬಿಟ್ಟರೆ ಜಾಂಗಲದೇಶದವರೆಲ್ಲರೂ ವಾತಲರಾಗುವರು, ಅಲ್ಪರೋಗವೆಂದು ಶಾಸ್ತ್ರವು ಹೊಗಳಿದ ದೇಶವೇ ರೋಗಿಗಳ ದೇಶವಾಗುವುದು. ಪ್ರಶ್ನಾವಳಿಗಳನ್ನು ರಚಿಸುವ ವಿದ್ವಾಂಸರು ಪ್ರಶ್ನಿತನ ಊರು, ಋತು, ಊಟಗಳನ್ನೂ ಕೇಳಿ, ಆಯಾ ಸೀಮೆಯಲ್ಲಿ ಸರ್ವಸಾಮಾನ್ಯವಾದ ಲಕ್ಷಣಗಳಿಗೆ ಕಡಮೆ ಬೆಲೆಯನ್ನು ಕೊಡುವುದು ಯುಕ್ತವೆಂದು ನನಗೆ ತೋರುವುದು. ಬಾಗಲಕೋಟೆಯ ಸೀಮೆಯ ವೈದ್ಯರೂ ಆಯುರ್ವೇದದ ಅಧ್ಯಾಪಕರೂ ತಮ್ಮ ಜಿಲ್ಲೆಯ ಜನರ ಲಕ್ಷಣಗಳನ್ನು ಮಲೆನಾಡಿನವರ ಲಕ್ಷಣಗಳೊಡನೆ ಹೋಲಿಸಿ ಬರೆದಿಟ್ಟರೆ ಶಾಸ್ತ್ರಕ್ಕೆ ದೊಡ್ಡ ಉಪಕಾರವಾಗುವುದು. ಮೇಗುಟಿಯ ದಾರಿಯಲ್ಲಿ ಹೊರೆ ಹೊತ್ತು ನನಗಿಂತ ಮುಂದೆ ನಡೆದ ಆ ವೃದ್ಧನಿಗೆ ವಾತಲನೆಂದು ಹೇಳಿ, ರೊಟ್ಟಿ ಹಿಂಡಿಗಳನ್ನು ಬಿಡಿಸಿದ್ದರೆ ಆ ದೋಷವು ನನ್ನದಾಗುತ್ತಿದ್ದಿತು, ಅವನ ದೇಹದ್ದಲ್ಲ. ನನ್ನ ಈ ಅಭಿಪ್ರಾಯದಲ್ಲಿ ಲೋಪವಿದ್ದರೆ ತಿಳಿದವರು ತಿದ್ದಬೇಕೆಂದು ಪ್ರಾರ್ಥಿಸುವೆನು.